ತಾತನ ಬಾವಿಗೆ ಕರೆಂಟ್ ಸ್ಕೂಟರಿನಲ್ಲಿ

"ಅಲ್ಲಿಂದ ಇಲ್ಲೀವರ್ಗೂ ನಮ್ ತಾತನ್ ಬಾವೀನೇ," ಎಂದು ಕೆಂಪರಾಜ ಹ್ಯಾಂಡಲ್ ಬಿಟ್ಟು ಎರಡೂ ಕೈ ಚಾಚಿದ.

"ಮೊದ್ಲು ಹ್ಯಾಂಡಲ್ ಹಿಡ್ಕೊಳ್ರೀ," ಎಂದಳು ಹಿಂದೆ ಕೂತಿದ್ದ ಹೆಂಡತಿ ಸುಕನ್ಯ.

ಆ ವರ್ಷವಷ್ಟೇ ಅಂಗಡಿಗೆ ಬಂದಿದ್ದ ಕರೆಂಟ್ ಸ್ಕೂಟರು. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ. ಸದ್ದಂತೂ ಇರುವೆ ನಡೆದಷ್ಟೂ ಇಲ್ಲ. ಕುಕ್ ಟೌನಿನಿಂದ ಹೊರಟವರು ಶಿವಾಜಿನಗರಕ್ಕೆ ಬಂದಾಗ ಬೆನ್ನಿಗೇ ಬಂದ ಗಾಡಿಗೆ ಬೆಚ್ಚಿ ಮೇಕೆಯೊಂದು ಎರಡಾಳೆತ್ತರ ಹಾರಿತು. ಹಲಸೂರು ಕೆರೆಯ ಮೀನುಗಳು ತಲೆಯೆತ್ತಿ ನೋಡಿದವು. ಇಂದಿರಾನಗರದಲ್ಲಿ ಬಸ್ಸುಗಳೇ ಸರಿದು ದಾರಿ ಬಿಟ್ಟವು. ಸೈಕಲ್ಲೊಂದು ಇವರನ್ನು ಹಿಂದೆ ಹಾಕಿದ್ದೂ ಉಂಟು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಸುಕನ್ಯ ನಕ್ಕಳು. ಮದುವೆಯಾದ ಮೇಲೆ ಇಷ್ಟು ನಕ್ಕದ್ದು ಇದೇ ಮೊದಲು. ಅವನಿಗೆ ಅದೇ ದಿಗಿಲು.

ಕೆ.ಆರ್. ಪುರದ ಈಚೆ ತಾತ ತೋಡಿಸಿದ ಬಾವಿ. ಏಳು ಊರಿಗೆ ನೀರು ಕೊಟ್ಟದ್ದು. ಆನೆ ಇಳಿಯುವಷ್ಟು ಅಗಲದ ಮೆಟ್ಟಿಲು. ಕಣ್ಣು ಕಟ್ಟಿ ಬಿಟ್ಟರೂ ಹೋಗಿ ಮುಟ್ಟಿಯೇನು, ಎಂದು ಹೆಣ್ಣು ನೋಡಲು ಹೋದ ದಿನವೇ ಹೇಳಿದ್ದ. ಅವನು ಅದನ್ನು ಕಂಡೇ ಇರಲಿಲ್ಲ. ಅಪ್ಪನೂ ದೊಡ್ಡಪ್ಪನೂ ಭಾಗವಾಗಿ ಮಾತು ಬಿಟ್ಟಾಗ ಅವನಿನ್ನೂ ತೊದಲುತ್ತಿದ್ದ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಅವನಿಗೆ, ಇದು ನನ್ನದು ಎಂದು ಬೆರಳು ಮಾಡಿ ತೋರಿಸಲು ಇದ್ದದ್ದು ಆ ಕಾಣದ ಬಾವಿ ಒಂದೇ.

"ಇವತ್ತು ನೋಡ್ದೆ ವಾಪಸ್ ಬರಲ್ಲ," ಎಂದಳು ಸುಕನ್ಯ. "ಎಲ್ಲಾ ಬರೀ ಬೊಗಳೆ ಅಂತಾರೆ ನಮ್ಮಮ್ಮ."

"ಬರ್ಲಿ ನಿಮ್ಮಮ್ಮ. ಈಜೋಕ್ ಬಿಡ್ತೀನಿ."

ಬೈಯಪ್ಪನಹಳ್ಳಿ ದಾಟಿದಾಗ ಚಾರ್ಜಿನ ಮುಳ್ಳು ಮಲಗತೊಡಗಿತ್ತು. ಓಣಿಯಿಂದ ಓಣಿಗೆ ತಿರುಗಿ ತಿರುಗಿ, ಕೊನೆಗೆ ಒಂದು ಕಾಂಪೌಂಡಿನೊಳಗೆ ಸ್ಕೂಟರು ಉಸಿರು ಬಿಟ್ಟಿತು. ಸಿಮೆಂಟ್ ಅಂಗಳ, ಮೂರು ಮಹಡಿ, ಸಾಲಾಗಿ ಬಾಡಿಗೆ ರೂಮುಗಳು. ಬನಿಯನ್ನಿನ ಮುದುಕರೊಬ್ಬರು ಎದ್ದು ಬಂದರು.

ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರಿಗೆ ಒಂದು ರೂಢಿಯಿದೆ: ಗುರುತಿಲ್ಲದವರನ್ನು ಮೊದಲು ತಮಿಳಿನಲ್ಲಿ ಮಾತಾಡಿಸುವುದು. ಇಲ್ಲೊಂದು ದೊಡ್ಡ ಬಾವಿ ಇತ್ತಲ್ಲ, ಎಲ್ಲಿ ಎಂದು ಕೆಂಪರಾಜ ತಮಿಳಿನಲ್ಲೇ ಕೇಳಿದ. ಮುದುಕರೂ ಮರ್ಯಾದೆಗೆ ತಮಿಳಿನಲ್ಲೇ, ಅದೂ ಅವನದಕ್ಕಿಂತ ಕುಂಟು ತಮಿಳಿನಲ್ಲಿ, ಯಾವ ಬಾವಿ, ಯಾರ ಬಾವಿ ಎಂದರು. ಇಬ್ಬರೂ ಸೇರಿ ಆ ಭಾಷೆಯ ಕೈಕಾಲು ಮುರಿದರು.

ಸಾಕಾಗಿ ಮುದುಕರು ಮನೆಯ ಕಡೆ ಕೂಗಿದರು: "ಗಂಗಲಕ್ಷ್ಮೀ, ಯಾರೋ ತಮಿಳ್ರು ಕಣೇ, ಗಾಡಿ ಕೆಟ್ಟೋಗದೆ. ಹೆಣ್ಮಗು ಬಿಸ್ಲಲ್ಲಿ ನಿಂತದೆ, ನೀರ್ ತಗಂಬಾ."

ಗಂಗಲಕ್ಷ್ಮಮ್ಮ! ಅಪ್ಪ ಹಲ್ಲು ಕಡಿದು ಹೇಳುತ್ತಿದ್ದ ಅತ್ತಿಗೆಯ ಹೆಸರು. ಹಾಗಾದರೆ ಎದುರಿಗಿರುವುದು ದೊಡ್ಡಪ್ಪ ಮುನಿಆಂಜನಪ್ಪ.

ಸುಕನ್ಯ ಅವನ ಕಿವಿಯಲ್ಲಿ, "ಕನ್ನಡದೋರೇ ಕಣ್ರೀ. ಕನ್ನಡದಲ್ಲೇ ಕೇಳಿ."

"ಈಗ ಬದಲಾಯಿಸಿದ್ರೆ ಚೆನ್ನಾಗಿರಲ್ಲ."

ಗಂಗಲಕ್ಷ್ಮಮ್ಮ ಚೊಂಬು ತಂದು ಸುಕನ್ಯಳ ಕೈಗಿತ್ತು, ಗಂಡನ ಕಡೆ ತಿರುಗಿದರು. "ಲಕ್ಷಣವಾಗವ್ಳೆ. ಏನಂತೆ?"

"ಬಾವಿ ಕೇಳ್ತವ್ರೆ."

"ಮಾವ್ನೋರ್ದಾ? ಮುಚ್ಸಿ ಯಾವ ಕಾಲ ಆಯ್ತು. ಇವ್ರು ನಿಂತಿರೋದೇ ಅದ್ರ ಮೇಲೆ."

ಸುಕನ್ಯ ಕಾಲ ಕೆಳಗಿನ ಸಿಮೆಂಟು ನೋಡಿದಳು. ಆಮೇಲೆ ಗಂಡನನ್ನು.

"ನಿಮ್ ತಾತಂದು ಇದೇನಾ?" ಪಿಸುಮಾತು.

ಹೌದು ಎಂದರೆ ಸಾಕು, ಬಾವಿ ನಿಜವಾಗುತ್ತಿತ್ತು. ಆದರೆ ದೊಡ್ಡಪ್ಪನ ಮುಖ, ಮನೆ, ಓಣಿ ಯಾವುದನ್ನೂ ಕಂಡವನಲ್ಲ ಎಂಬುದೂ ನಿಜವಾಗುತ್ತಿತ್ತು.

"ಛೆ, ಇದಾ? ನಮ್ದು ಇದ್ರ ಹತ್ತರಷ್ಟು ದೊಡ್ದು," ಎಂದ ಕೆಂಪರಾಜ. "ಇನ್ನೂ ಮುಂದೆ."

ಮುನಿಆಂಜನಪ್ಪ ಕಿಟಕಿಯಿಂದ ವೈರೆಳೆದು ಸ್ಕೂಟರಿಗೆ ಚಾರ್ಜು ಹಾಕಿಸಿದರು. ಊಟದ ಹೊತ್ತು ಮೀರಿತು. ಎಷ್ಟು ತುಂಬಿದೆ ನೋಡೋಣವೆಂದು ಕೆಂಪರಾಜ ವೈರು ಕಿತ್ತು, ಸ್ಟ್ಯಾಂಡಿನ ಮೇಲಿದ್ದ ಗಾಡಿಯನ್ನೇರಿ ಹ್ಯಾಂಡಲ್ ತಿರುವಿದ. ನೆಲ ಮುಟ್ಟದ ಹಿಂದಿನ ಚಕ್ರ ಸದ್ದಿಲ್ಲದೆ ತಿರುಗಿತು. ವೇಗದ ಮುಳ್ಳು ಏರುತ್ತಾ ಹೋಯಿತು. ಹೊರಟನೆಂದುಕೊಂಡ ದೊಡ್ಡಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಹೋಗಿ ಬನ್ನಿ ಎಂದು ತಮಿಳಿನಲ್ಲಿ ಹೇಳಿ ಕೈಬೀಸಿದರು. ಕೆಂಪರಾಜನೂ ನಗುತ್ತ ಕೈಬೀಸಿ ಹ್ಯಾಂಡಲನ್ನು ಇನ್ನಷ್ಟು ತಿರುವಿದ.