ಕಪ್ಪಿನೊಳಗಿನ ನೀಲಿ ಎಳೆ

ಟ್ರಾನ್ಸ್‌ಫಾರ್ಮರ್ ಎಣ್ಣೆ ಪರೀಕ್ಷಿಸುವ ಆ ಕೋಣೆಯಲ್ಲಿ ಅತ್ತಿಗೆ ಹತ್ತೊಂಬತ್ತು ವರ್ಷ ಸವೆಸಿದ್ದಳು. ನಾದಿನಿ ಬಂದು ಎರಡೇ ವರ್ಷ. ಕೆಲಸ ಕಲಿಸಿದವಳೂ ಅತ್ತಿಗೆಯೇ. ಈಗ ಕೋಣೆಯ ಮೇಲ್ವಿಚಾರಣೆ ಇಬ್ಬರಲ್ಲೊಬ್ಬರಿಗೆ ಸಿಗುವುದಿತ್ತು. ಎಂಜಿನಿಯರ ಬಾಯಲ್ಲಿ ಮಾತ್ರ ಮೂರು ಹೊತ್ತೂ ನಾದಿನಿಯ ಜಪ.

ಹೋದ ವರ್ಷ ತೀರಿಕೊಂಡ ಅತ್ತಿಗೆಯ ಗಂಡನೂ ಹಾಗೆಯೇ. "ನನ್ನ ತಂಗಿ ಮುಟ್ಟಿದ್ದೆಲ್ಲ ಚಿನ್ನ" ಎನ್ನುತ್ತಿದ್ದ. ಹೆಂಡತಿ ಮುಟ್ಟಿದ್ದು ಏನಾಗುತ್ತದೆಂದು ಅವನು ಹೇಳಲಿಲ್ಲ, ಇನ್ನು ಕೇಳುವುದೆಲ್ಲಿ? ನಾದಿನಿ ನಕ್ಕರೆ ಕೆನ್ನೆಯಲ್ಲಿ ಅವನದೇ ಗುಳಿ. ಅದನ್ನು ಕಂಡು ಅತ್ತಿಗೆಗೆ ಕರುಳೂ ಚುರ್ರೆನ್ನುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು.

ಅಂದು ನಾದಿನಿ ಆಸ್ಪತ್ರೆಯ ಟ್ರಾನ್ಸ್‌ಫಾರ್ಮರಿನಿಂದ ಎರಡು ಬಾಟಲಿ ಎಣ್ಣೆ ತಂದಳು.

"ನೋಡಿ ಅತ್ತಿಗೆ, ಎಷ್ಟು ತಿಳಿಯಾಗಿದೆ!"

"ಕಣ್ಣಿಗೆ ತಿಳಿಯಾಗಿರೋದೆಲ್ಲ ಒಳ್ಳೇದಾಗಿದ್ರೆ ನಮಗ್ಯಾಕೆ ಸಂಬಳ ಕೊಡ್ತಿದ್ರು?"

ನಾದಿನಿ ನಗುತ್ತಾ ರಿಜಿಸ್ಟರ್ ತರಲು ಹೋದಳು.

ಗಾಜಿನ ಕಪ್ಪಿನೊಳಗೆ ಎದುರುಬದುರು ಎರಡು ಲೋಹದ ಗುಂಡು. ಎಣ್ಣೆ ಸುರಿದು ವಿದ್ಯುತ್ತನ್ನು ಏರಿಸುತ್ತಾ ಹೋಗಬೇಕು. ಮೂವತ್ತು ಕಿಲೋವೋಲ್ಟಿಗೂ ಮೊದಲೇ ನಡುವೆ ಕಿಡಿ ಹಾರಿದರೆ ಆ ಎಣ್ಣೆ ಕೆಟ್ಟಿತೆಂದು ಅರ್ಥ. ಕಪ್ಪನ್ನು ಅದೇ ಎಣ್ಣೆಯಿಂದ ತೊಳೆಯಬೇಕೇ ಹೊರತು ಬಟ್ಟೆ ಸೋಕಿಸಬಾರದು. ಒಂದು ನೂಲೆಳೆ ಉಳಿದರೂ ಕಿಡಿ ಬೇಗ ಹಾರುತ್ತದೆ. ಇದನ್ನು ನಾದಿನಿಗೆ ಮೊದಲ ದಿನವೇ ಹೇಳಿಕೊಟ್ಟ ಅತ್ತಿಗೆ, ತನ್ನ ಮೇಜಿನ ಮೇಲಿದ್ದ ನೀಲಿ ಬಟ್ಟೆಯಿಂದ ಆ ಕಪ್ಪನ್ನು ಚೆನ್ನಾಗಿ ಒರೆಸಿಟ್ಟಳು.

ನಾದಿನಿ ಬಂದು ಎಣ್ಣೆ ಸುರಿದಳು. ಯಂತ್ರದ ಮುಚ್ಚಳ ಹಾಕಿ ಗುಂಡಿ ತಿರುಗಿಸಿದಳು. ಹದಿನಾರಕ್ಕೇ ಫಟ್ಟೆಂದಿತು. ಮತ್ತೊಮ್ಮೆ ನೋಡಿದರೆ ಹದಿನಾಲ್ಕು. ಅವಳು ಬಗ್ಗಿ ಕಪ್ಪಿನೊಳಗೆ ಇಣುಕಿ ನೋಡಿದಳು.

ಅಷ್ಟರಲ್ಲಿ ಎಂಜಿನಿಯರು ಬಂದರು. "ಏನಿದು? ಆಸ್ಪತ್ರೆ ಲೈನ್ ನಿಲ್ಲಿಸ್ಬೇಕಾ?"

"ಬೇಡ ಸಾರ್. ಎಣ್ಣೆ ಕೆಟ್ಟಿಲ್ಲ, ಕಪ್ಪು ಸರಿಯಾಗಿ ತೊಳ್ದಿಲ್ಲ. ತಪ್ಪು ನಂದೇ," ಎಂದಳು ನಾದಿನಿ.

"ನಿನ್ನನ್ನ ನಂಬ್ಕೊಂಡಿದ್ದೆನಲ್ಲಮ್ಮಾ! ಸರಿ ಬಿಡು, ಮೇಲ್ವಿಚಾರಣೆ ನಿಮ್ಮತ್ತಿಗೆಗೇ ಇರ್ಲಿ."

ಅತ್ತಿಗೆ ಪ್ರತಿ ಮುಂಜಾನೆ ಕೈಮುಗಿದು ಬೇಡಿದ್ದು ಇದನ್ನೇ. ಈಗ ಅದು ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು, ಬಿದ್ದದ್ದು ಕೆಂಡದಂತಿತ್ತು.

"ಒರೆಸಿದ್ದು ನಾನು ಸಾರ್, ಬಟ್ಟೇಲಿ. ಬೇಕೂಂತ್ಲೇ," ಎಂದಳು ಅತ್ತಿಗೆ.

ಎರಡನೇ ಬಾಟಲಿಯ ಎಣ್ಣೆಯಿಂದ ಮೂರು ಸಲ ಕಪ್ಪು ತೊಳೆದು, ಉಳಿದದ್ದನ್ನು ತಾನೇ ಸುರಿದಳು. ಐವತ್ತೆಂಟು ಬಂತು. ಎಂಜಿನಿಯರು ಅವಳ ಮುಖ ನೋಡಲಿಲ್ಲ. ನಾದಿನಿಗೆ, "ನಾಳೆಯಿಂದ ನೀನೇ ನೋಡ್ಕೋ," ಎಂದು ಹೊರಟುಹೋದರು.

"ನಿಂಗೆ ಗೊತ್ತಿತ್ತಾ?"

"ಗುಂಡುಗಳ ನಡುವೆ ನೀಲಿ ಎಳೆ ಕಾಣ್ತು. ಆ ಬಟ್ಟೆ ನಿಮ್ಮ ಮೇಜಿನ ಮೇಲಲ್ದೆ ಇನ್ನೆಲ್ಲಿದೆ?"

"ಮತ್ಯಾಕೆ ಮೈಮೇಲೆ ಹಾಕ್ಕೊಂಡೆ?"

"ಅಣ್ಣ ಇದ್ದಿದ್ರೆ ಹೊರಗಿನವರ ಮುಂದೆ ನಿಮ್ಮನ್ನ ಬಿಟ್ಟುಕೊಡ್ತಿದ್ನಾ ಅತ್ತಿಗೆ?"

ಅತ್ತಿಗೆಯ ಕಣ್ಣು ತುಂಬಿತು. ಆದರೂ ಕಪ್ಪನ್ನು ಕಪಾಟಿಗೆ ಇಡುವಾಗ ಅವಳು ಮನಸ್ಸಿನಲ್ಲೇ ದೇವರೊಡನೆ ಜಗಳಕ್ಕಿಳಿದಳು: 'ಒಳ್ಳೆಯತನದಲ್ಲೂ ಇವಳನ್ನೇ ಮುಂದಿಟ್ಟೆಯಲ್ಲಪ್ಪಾ!'