ಒಂಟಿ ಮುದ್ದೆ

ತಳ ಹಿಡಿದ ರಾಗಿಹಿಟ್ಟಿನ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುವುದಿಲ್ಲ, ಸಿಟ್ಟು ಬರುತ್ತದೆ. ತ್ಯಾಗರಾಜನಗರದ ನಮ್ಮ ಅಪ್ಪನ ಮನೆಯಲ್ಲಿ ಮಧ್ಯಾಹ್ನವಾದರೆ ಆ ವಾಸನೆ ಹಿತ್ತಲಿನವರೆಗೂ ಹರಡುತ್ತಿತ್ತು. ಅಪ್ಪನಿಗೂ ಅಣ್ಣಂದಿರಿಗೂ ಎರಡೆರಡು ಮುದ್ದೆ ಹೋದ ಮೇಲೆ ಅಮ್ಮ ಪಾತ್ರೆಯ ತಳಕ್ಕೆ ಅಂಟಿದ್ದ ಕಂದು ಹಕ್ಕಳೆಯನ್ನು ಸೌಟಿನಲ್ಲಿ ಕೆರೆದು ನನಗೂ ನನ್ನ ತಂಗಿಗೂ ಹಂಚುತ್ತಿದ್ದಳು. ರುಚಿಯಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಗಂಡಸರ ತಟ್ಟೆಯನ್ನು ಯಾರೂ ಎಣಿಸುವುದಿಲ್ಲ, ಹೆಂಗಸರ ತಟ್ಟೆಯನ್ನು ಎಲ್ಲರೂ ಎಣಿಸುತ್ತಾರೆ ಎಂದು ನಾನು ಕಲಿತದ್ದು ಆ ಹಕ್ಕಳೆ ಅಗಿಯುತ್ತಲೇ. ಬಿ.ಎ. ಮಾಡಿದ್ದು ಆಮೇಲೆ.

ಈಗ ನಾನಿರುವುದು ಶಂಕರಪುರದಲ್ಲಿ. ಮಗ ವಸಂತನಿಗೆ ಚಾಮರಾಜಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸೊಸೆ ತೇಜಶ್ರೀ ನಮ್ಮ ಪಕ್ಕದ ರಸ್ತೆಯ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಮೊಮ್ಮಗಳು ಯಶಶ್ರೀ ಏಳನೇ ಕ್ಲಾಸು. ಇವರಲ್ಲದೆ ನನ್ನ ಯಜಮಾನರ ಅಕ್ಕ ಚಿಕ್ಕಮುನಿಯಮ್ಮ. ನನಗೂ ಅವರು ಅಕ್ಕನೇ. ಗಂಡನನ್ನು ಕಳೆದುಕೊಂಡು ಮಾಗಡಿ ಕಡೆಯ ಊರಿನಿಂದ ಬಂದವರು ವಸಂತನನ್ನು ಎತ್ತಿ ಆಡಿಸಿ ಇಲ್ಲೇ ಉಳಿದರು. ನನ್ನ ಯಜಮಾನರು ತೀರಿಕೊಂಡ ಮೇಲೂ ಅಡುಗೆಮನೆ ಅವರದೇ. ಮುದ್ದೆ ತಿರುವುವಾಗ ಯಾರೂ ಪಕ್ಕದಲ್ಲಿ ನಿಲ್ಲುವಂತಿಲ್ಲ. ಕಣ್ಣು ಬಿದ್ದರೆ ಹಿಟ್ಟು ಗಂಟಾಗುತ್ತದಂತೆ. ನಾನಂತೂ ಮಾತ್ರೆಗೋಸ್ಕರ ಹನ್ನೆರಡಕ್ಕೇ ಒಂದಿಷ್ಟು ಅನ್ನ, ತಿಳಿಸಾರು ಉಂಡು ನನ್ನ ಕೋಣೆ ಸೇರುವವಳು.

ತೇಜಶ್ರೀಗೆ ಸಿಸೇರಿಯನ್ ಆದ ಜಾಗದಲ್ಲಿ ಹರ್ನಿಯಾ ಆಗಿದೆ. ನಿಂತು ನಿಂತು ಸಂಜೆಯ ಹೊತ್ತಿಗೆ ಹೊಟ್ಟೆಯ ಒಂದು ಕಡೆ ಉಬ್ಬಿಕೊಂಡು, ಕೈಯಿಂದ ಒತ್ತಿ ಹಿಡಿದೇ ಮೆಟ್ಟಿಲು ಹತ್ತುತ್ತಾಳೆ. ಬಸವನಗುಡಿಯ ಡಾಕ್ಟರು, "ತೂಕ ಇಳಿಸಿ. ಎಂಟು ಕೆ.ಜಿ. ಇಳಿದ ಮೇಲೇ ಆಪರೇಷನ್. ಈಗ ಹೊಲಿದರೆ ಹೊಲಿಗೆ ನಿಲ್ಲಲ್ಲ," ಎಂದಿದ್ದರು. ಆಹಾರದ ವಿಷಯ ಹೇಳಲು ಅಲ್ಲೇ ಒಬ್ಬಳು ಚಿಕ್ಕ ಹುಡುಗಿ ಇದ್ದಳು. ಮಧ್ಯಾಹ್ನ ಒಂದು ಮುದ್ದೆ, ಒಂದು ಬಟ್ಟಲು ಸಾರು, ಪಲ್ಯ ಎಷ್ಟಾದರೂ ತಿನ್ನಿ, ಅನ್ನ ಬೇಡ ಎಂದಳು. ಒಂದು ಮುದ್ದೆ ಎಂದರೆ ಎಷ್ಟು, ಯಾರ ಕೈಯದು ಎಂದು ಅವಳು ಕೇಳಲಿಲ್ಲ. ನಾವೂ ಕೇಳಲಿಲ್ಲ. ಮುದ್ದೆಯನ್ನು ಎಣಿಸುತ್ತಾರೆಯೇ ಹೊರತು ಅಳೆಯುತ್ತಾರೆಯೇ?

ತೇಜಶ್ರೀಯ ತವರಿನವರು ಅನ್ನ ಉಣ್ಣುವವರು. ಮುದ್ದೆ ಮುರಿದು ನುಂಗುವುದನ್ನು ಅವಳು ಕಲಿತದ್ದೇ ನಮ್ಮ ಮನೆಯಲ್ಲಿ. ದಿನಾ ಒಂದು ಗಂಟೆಗೆ ಬ್ಯಾಂಕಿನಿಂದ ಓಡಿ ಬರುತ್ತಾಳೆ. ಅಕ್ಕ ಆಳವಾದ ಬಟ್ಟಲಲ್ಲಿ ಅವಳ ಮುದ್ದೆ ಇಟ್ಟು ಮೇಲೆ ಸೊಪ್ಪಿನ ಸಾರು ಸುರಿದು ಕೊಡುತ್ತಾರೆ. ಒಮ್ಮೆ ಅವಳು, "ದೊಡ್ಡತ್ತೆ, ಸ್ವಲ್ಪ ಜಾಸ್ತಿ ಆಯ್ತಾ?" ಎಂದದ್ದು ನನ್ನ ಕೋಣೆಗೆ ಕೇಳಿಸಿತ್ತು. "ಒಂದೇ ಅಲ್ವೇನವ್ವಾ? ಒಂದನ್ನೂ ಬಿಡ್ತೀಯಾ?" ಎಂದರು ಅಕ್ಕ. ಬಟ್ಟಲು ಬರಿದಾಯಿತು. ರಾತ್ರಿ ಬರೀ ಮಜ್ಜಿಗೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ನಡಿಗೆ, ಒಂದು ಕೈ ಹೊಟ್ಟೆಯ ಮೇಲೆ. ಕಾಫಿಗೆ ಸಕ್ಕರೆ ಬಿಟ್ಟಳು. ಅವಳಿಗೆ ಜೊತೆಯಿರಲಿ ಎಂದು ನಾನೂ ಬಿಟ್ಟೆ. ಕಹಿ ಕಾಫಿ ಕುಡಿಯುತ್ತಾ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಬೆಳಿಗ್ಗೆ ಗಂಡ ಹೆಂಡತಿ ಡಾಕ್ಟರ ಹತ್ತಿರ ಹೋಗಿ ಬಂದರು. ತೂಕ ಇಳಿದಿರಲಿಲ್ಲ. ಏರಿತ್ತು.

ಬ್ಯಾಂಕಿಗೆ ರಜೆಯಿದ್ದುದರಿಂದ ಅವತ್ತು ಎಲ್ಲರೂ ಒಟ್ಟಿಗೇ ಊಟಕ್ಕೆ ಕುಳಿತಿದ್ದರು. ವಸಂತನ ತಟ್ಟೆಯಲ್ಲಿ ಎರಡು ಮುದ್ದೆ, ತೇಜಶ್ರೀಯ ಬಟ್ಟಲಲ್ಲಿ ಒಂದು, ಮೇಲೆ ಸಾರು. ವಸಂತ ಹೆಂಡತಿಯ ಬಟ್ಟಲನ್ನೇ ನೋಡಿದ.

"ಇಲ್ಲಿ ಒಂದು ಮುದ್ದೆ. ಬೀದೀಲಿ ಎಷ್ಟು?"

"ಏನ್ ಹಂಗಂದ್ರೆ?" ಎಂದಳು ಅವಳು.

"ಶೀನಣ್ಣ ನೋಡಿದ್ನಂತೆ ಕಣೆ. ತಿಂಡಿ ಬೀದೀಲಿ, ಕೈಯಲ್ಲಿ ಪೊಟ್ಟಣ ಹಿಡ್ಕೊಂಡು. ನನ್ನ ಪಕ್ಕದ ಅಂಗಡಿಯೋನು ನಂಗ್ ಬಂದ್ ಹೇಳ್ತಾನೆ, 'ಮೇಡಂ ಡಯಟ್ ಜೋರಾಗಿದೆ ಗುರು' ಅಂತ. ಮಾನ ಹೋಯ್ತು."

"ಅದು ನಂಗಲ್ಲ. ದೊಡ್ಡತ್ತೆಗೆ ಗುಲ್ಕನ್ ತಂದಿದ್ದು."

"ಹೌದೌದು. ಪೊಟ್ಟಣ ದೊಡ್ಡತ್ತೆಗೆ, ತೂಕ ನಿಂಗೆ."

ಯಶಶ್ರೀ ತಲೆಯೆತ್ತಿ, "ಅಪ್ಪಾ, ನಿಮ್ಮ ಹೊಟ್ಟೆ ಮೊದ್ಲು ನೋಡ್ಕೊಳಿ," ಎಂದಳು. "ಬಾಯ್ಮುಚ್ಕೊಂಡು ತಿನ್ನೇ," ಎಂದ ಅವರಪ್ಪ.

ನಾನು ಕೋಣೆಯಿಂದ ಎದ್ದು ಬಂದೆ. "ವಸಂತ, ಆ ಗುಲ್ಕನ್ ನಾನು ಕಣ್ಣಾರೆ ನೋಡಿದೀನಿ. ಅಕ್ಕಂಗೆ ಹಲ್ಲಿಲ್ಲ, ಮೆತ್ತಗಿರತ್ತೆ ಅಂತ ತರ್ತಾಳೆ."

"ನೀನ್ ಸುಮ್ನಿರಮ್ಮ. ಸೊಸೆಗೆ ವಕೀಲಿ ಮಾಡ್ಬೇಡ. ಒಂದೇ ಮುದ್ದೆ ತಿಂದು ದಪ್ಪ ಆಗೋಕೆ ಅದೇನ್ ಗಾಳೀಲಿ ಕೊಬ್ಬು ಬರತ್ತಾ? ಡಾಕ್ಟ್ರು ಏನಂದ್ರು ಕೇಳು ಅವಳನ್ನೇ. 'ನಿಜ ಹೇಳಿ, ಹೊರಗೆ ಏನಾದ್ರೂ ತಿಂತೀರಾ' ಅಂದ್ರು. ನಾನು ತಲೆ ತಗ್ಗಿಸ್ಕೊಂಡು ಕೂತಿದ್ದೆ."

ಅವನು ತಲೆ ತಗ್ಗಿಸಿದನಂತೆ! ಎರಡನೆಯ ಮುದ್ದೆ ಮುರಿಯುತ್ತಾ ಹೇಳಿದ ಅದನ್ನು.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು. ಬಾಯಿ ತೆರೆದರು, ಮುಚ್ಚಿದರು. ಒಂದು ಮಾತು ಸಾಕಿತ್ತು.

ತೇಜಶ್ರೀ ಅಳಲಿಲ್ಲ. ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಆಪರೇಷನ್ ಬೇಡ. ಹಿಂಗೇ ಇರ್ತೀನಿ," ಎಂದು ಎದ್ದು ಹೋದಳು.

ಸೋಮವಾರ ಅವಳು ಊಟಕ್ಕೆ ಬರಲಿಲ್ಲ. ಒಂದು ಡಬ್ಬಿಯಲ್ಲಿ ಸೌತೆಕಾಯಿ ಹೆಚ್ಚಿಕೊಂಡು ಬ್ಯಾಂಕಿಗೆ ಒಯ್ದಿದ್ದಳಂತೆ. ಸಂಜೆ ಬಂದವಳು ಮೆಟ್ಟಿಲ ಮೇಲೆಯೇ ಕುಳಿತಳು. ಮುಖದಲ್ಲಿ ರಕ್ತವಿಲ್ಲ. ಅವಳ ಚೀಲವನ್ನು ಹೊತ್ತು ತಂದವನು ಬ್ಯಾಂಕಿನ ಕಾವಲುಗಾರ ಸೊಣ್ಣಪ್ಪ. "ಮೇಡಂ ತಲೆ ಸುತ್ತಿ ಕೌಂಟರ್ ಹಿಡ್ಕೊಂಡ್ರಮ್ಮ. ನಾನೇ ಬಿಟ್ಟು ಹೋಗೋಣ ಅಂತ ಬಂದೆ," ಎಂದ. ನೀರು ಕೊಟ್ಟರೂ ಕುಡಿಯದೆ ಚೀಲ ಇಟ್ಟು ಹೊರಟುಹೋದ. ಹೊರಗಿನವನಿಗೆ ಕಂಡದ್ದು ಮನೆಯಲ್ಲಿರುವ ನನ್ನ ಮಗನಿಗೆ ಕಾಣಲಿಲ್ಲ. ಅವನು ಟೀವಿ ಮುಂದೆ ಕುಳಿತು, "ಈಗ ಉಪವಾಸದ ನಾಟಕ," ಎಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಕ್ಕಳ ಮೇಲೆ ತಾಯಿಗೆ ಬರುವ ಸಿಟ್ಟು ಬೇಗ ಇಳಿಯುತ್ತದೆ ಎನ್ನುತ್ತಾರೆ. ನನ್ನದು ಇಳಿಯಲಿಲ್ಲ.

ಮಂಗಳವಾರವೂ ಅವಳು ಸೌತೆಕಾಯಿ ಡಬ್ಬಿ ಹಿಡಿದೇ ಹೋದಳು. ಮಧ್ಯಾಹ್ನ ಅಡುಗೆಮನೆಯಿಂದ ರಾಗಿಯ ವಾಸನೆ ಬಂತು. ಬಾರದವಳಿಗೆ ಯಾಕೆ ತಿರುವುತ್ತಿದ್ದಾರೆ, ಬೇಡವೆನ್ನೋಣ ಎಂದು ಒಳಗೆ ಹೋದೆ. ಅಕ್ಕ ನನಗೆ ಬೆನ್ನು ಹಾಕಿ ಕುಳಿತಿದ್ದರು. ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಹಿಟ್ಟಿನ ಕೋಲಿನಿಂದ ತಿರುವುವುದು ಮುಗಿದಿತ್ತು. ಕೈ ನೀರಿಗೆ ಅದ್ದಿ ಒಂದು ಮುದ್ದೆ ಕಟ್ಟಿ ಮಣೆಯ ಮೇಲಿಟ್ಟರು. ಇನ್ನೊಂದು ಕಟ್ಟಿದರು. ಆಮೇಲೆ ಎರಡನ್ನೂ ಎತ್ತಿ, ಒಂದರ ಮೇಲೊಂದು ಇಟ್ಟು, ಒತ್ತಿ, ಒದ್ದೆ ಅಂಗೈಯಲ್ಲಿ ಗುಂಡಗೆ ಸವರಿದರು. ಅಂಚು ಮಾಯವಾಯಿತು. ಒಂದೇ ಒಂದು ಮುದ್ದೆ. ಅದನ್ನು ತೇಜಶ್ರೀಯ ಬಟ್ಟಲಿಗೆ ಇಳಿಸಿದರು.

"ಅಕ್ಕಾ!"

ಬೆಚ್ಚಿಬಿದ್ದು ತಿರುಗಿದರು.

"ಏನಿದು? ದಿನಾ ಹೀಗೇ ಕಟ್ತಿದ್ರಾ?"

"ಒಂದೇ ಅಂದ್ರಲ್ಲ ಡಾಕ್ಟ್ರು. ಒಂದೇ ಕೊಟ್ಟೆ."

"ಎರಡು ಕೊಟ್ಟಿದೀರಾ! ಅವಳ ಹೊಟ್ಟೆಗೆ ನನ್ನ ಮಗ ತಿನ್ನೋ ಅಷ್ಟೇ ಹಾಕಿದೀರಾ!"

"ಕೂಗ್ಬೇಡ ಕಣೆ ವಿಶಾಲಿ. ಒಂಟಿ ಮುದ್ದೆ ಇಡೋದು ಎಡೆಗೆ. ಸತ್ತೋರಿಗೆ. ಬದುಕಿರೋ ಮಗೀಗೆ, ಮುತ್ತೈದೆಗೆ, ಯಾರಾದ್ರೂ ಒಂಟಿ ಇಡ್ತಾರಾ? ನಮ್ಮೆಜಮಾನ್ರು ಹೋದ್ ದಿನ ಮನೇಲಿ ಹಿಟ್ಟಿರ್ಲಿಲ್ಲ. ಒಂದೇ ಕಟ್ಟಿಟ್ಟೆ. ಉಂಡು ಹೊಲಕ್ಕೆ ಹೋದೋರು ನಡ್ಕೊಂಡು ಬರ್ಲಿಲ್ಲ, ಹೊತ್ಕೊಂಡು ತಂದ್ರು. ಇವಳು ಬೇರೆ ಹೊಟ್ಟೆ ಕುಯ್ಸ್ಕೊಳೋಳು. ಒಂಟಿ ಇಡೋಕೆ ನನ್ ಕೈ ಬರ್ಲಿಲ್ಲ. ಅದ್ಕೇ ಎರಡು ಸೇರಿಸ್ದೆ. ಲೆಕ್ಕಕ್ಕೆ ಡಾಕ್ಟ್ರದೂ ಆಯ್ತು, ನಂದೂ ಆಯ್ತು."

ಕನಿಕರ ಬಂತು. ಸಿಟ್ಟು ಹೋಗಲಿಲ್ಲ.

"ಸರಿ. ನಿಮ್ಮ ಭಯ ನಿಮಗೆ. ಶನಿವಾರ ಅವಳನ್ನ ಕಳ್ಳಿ ಥರ ನಿಲ್ಲಿಸಿ ಕೇಳ್ತಿದ್ದಾಗ ಬಾಗಿಲಲ್ಲೇ ಇದ್ರಲ್ಲ? ಗುಲ್ಕನ್ ನಂಗೆ ತಂದಿದ್ದು ಅಂತ ಒಂದು ಮಾತು ಹೇಳೋಕಾಗಲಿಲ್ವಾ? ನಿಮಗೆ ಹಲ್ಲಿಲ್ಲ ಅಂತ ಹೊಟ್ಟೆ ಒತ್ತಿ ಹಿಡ್ಕೊಂಡು ಆ ಜನದ ಮಧ್ಯೆ ಹೋಗಿ ತರ್ತಿದ್ದವಳು ಅವಳು."

ಅಕ್ಕ ಕೋಲನ್ನು ಸೆರಗಿನಿಂದ ಒರೆಸುತ್ತಾ ಕುಳಿತರು. "ವಸಂತನ ಮುಂದೆ ಬಾಯಿ ಬರ್ಲಿಲ್ಲ. ಅವನ ಮನೆ ಅನ್ನ ತಿನ್ನೋಳು ನಾನು."

"ಅವನ ಮನೆಯಲ್ಲ. ನನ್ನ ಮನೆ," ಎಂದೆ. ಹಾಗೆ ನಾನು ಎಂದೂ ಹೇಳಿದವಳಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಫೋನ್ ತೆಗೆದು ವಸಂತನಿಗೆ, "ಈಗಲೇ ಬಾ," ಎಂದಷ್ಟೇ ಹೇಳಿ ಇಟ್ಟೆ. ಯಾರೋ ಹೋಗಿಬಿಟ್ಟರು ಎಂದುಕೊಂಡು ಸ್ಕೂಟರಿನಲ್ಲಿ ಹಾರಿ ಬಂದ. ಅಕ್ಕನನ್ನು ನೋಡಿದ, ನನ್ನನ್ನು ನೋಡಿದ. ಇಬ್ಬರೂ ಬದುಕಿದ್ದೆವು.

"ಏನಮ್ಮಾ? ಹೆದರಿಸ್ಬಿಟ್ಯಲ್ಲ!"

ಬಟ್ಟಲನ್ನು ಅವನ ಮುಂದಿಟ್ಟೆ. ಸಾರು ಹಾಕಿರಲಿಲ್ಲ.

"ಇದೇನು, ಫುಟ್‌ಬಾಲ್?"

"ನಿನ್ನ ಹೆಂಡತಿಯ ಒಂದು ಮುದ್ದೆ. ಮುರಿ."

ಅವನು ಎರಡೂ ಕೈಯಿಂದ ಮುರಿದ. ನಡುವೆ ನೀರು ಸವರಿದ ಜಾಗದಲ್ಲಿ ಅದು ತಾನಾಗಿಯೇ ಬಿಟ್ಟುಕೊಂಡಿತು. ಎರಡು ಮುದ್ದೆ, ಅವನ ತಟ್ಟೆಗೆ ದಿನಾ ರಾತ್ರಿ ಬೀಳುವಂಥವೇ. ಹಬೆ ಎದ್ದು ಅವನ ಕನ್ನಡಕಕ್ಕೆ ಹತ್ತಿತು. ಒಂದು ಕ್ಷಣ ಅರ್ಥವಾಗಲಿಲ್ಲ ಅವನಿಗೆ. ಆಮೇಲೆ ನಕ್ಕ. "ಅಯ್ಯೋ ಅತ್ತೇ! ಒಳ್ಳೆ ಕೆಲಸ ಮಾಡಿದೀರಾ! ನಿಮ್ಮಿಂದ..."

"ನಗಬೇಡ," ಎಂದೆ. "ಅವರ ಮೇಲೆ ಹಾಕಿ ಜಾರ್ಕೋಬೇಡ. ಅವರು ಬಡಿಸಿದ್ದು ತಪ್ಪು. ನೀನು ಆಡಿದ್ದು? ನೀನು ಎರಡು ಉಂಡು ತೇಗಿದೆ, ಅವಳು ಒಂದು ಉಂಡು ಬೈಸಿಕೊಂಡಳು. ಇಬ್ಬರೂ ಉಂಡದ್ದು ಒಂದೇ ಅಳತೆ. ಶೀನಣ್ಣನ ಮಾತು ನಂಬಿದೆ. ನಿನ್ನ ಹೆಂಡತಿ ಮಾತು ನಂಬಲಿಲ್ಲ, ನನ್ನ ಮಾತೂ ನಂಬಲಿಲ್ಲ."

"ನಂಗೇನ್ ಗೊತ್ತಮ್ಮಾ..."

"ಗೊತ್ತಿಲ್ಲದೇ ಇದ್ದಾಗ ಸುಮ್ನಿರೋದು ಕಲಿ. ಅವಳು ನಿನ್ನೆ ತಲೆ ತಿರುಗಿ ಬೀಳೋ ಹಾಗಾದಳು. ನಾಟಕ ಅಂದೆ."

ಅವನು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. ಒರೆಸುತ್ತಲೇ ಇದ್ದ. "ಸಂಜೆ ಬರಲಿ, ಮಾತಾಡ್ತೀನಿ," ಎಂದ ಮೆಲ್ಲಗೆ.

"ಮಧ್ಯಾಹ್ನಕ್ಕೆ ಅವಳೇನು ತಿಂತಾಳೆ?"

ಉತ್ತರ ಬಂದದ್ದು ಅಡುಗೆಮನೆಯಿಂದ. ಅಕ್ಕ ಆ ಬಟ್ಟಲನ್ನು ಎತ್ತಿಕೊಂಡು ಹೋಗಿ ಮತ್ತೆ ಕೈ ಅದ್ದುತ್ತಿದ್ದ ಸದ್ದು. ಹೋಗಿ ನೋಡಿದೆ. ಮುರಿದಿದ್ದರಲ್ಲಿ ಒಂದು ಪಾಲನ್ನು ಪಕ್ಕಕ್ಕಿಟ್ಟು, ಉಳಿದ ಒಂದನ್ನು ಎರಡು ಮಾಡಿ, ಬೆರಳ ತುದಿಯಲ್ಲಿ ಉರುಟುತ್ತಿದ್ದರು. ಮಗುವಿಗೆ ಹಾಲು ಬಿಡಿಸುವಾಗ ಕಟ್ಟುವ ಪುಟ್ಟ ಮುದ್ದೆ. ವಸಂತನಿಗೆ ಇದೇ ಕೈ ಕಟ್ಟಿತ್ತು.

"ಎರಡಾಯ್ತು," ಎಂದರು ನನ್ನತ್ತ ನೋಡದೆ. "ಸೇರಿಸಿದ್ರೂ ಒಂದೇ. ಸಾಕಾ?"

"ಸಾಕು," ಎಂದೆ. ನನ್ನ ದನಿ ಇನ್ನೂ ಗಡುಸಾಗಿಯೇ ಇತ್ತು.

ಬಟ್ಟಲು ತುಂಬ ಹೀರೇಕಾಯಿ ಪಲ್ಯ, ಸೊಪ್ಪಿನ ಸಾರು, ಎರಡು ಮುದ್ದೆ. ಕ್ಯಾರಿಯರಿಗೆ ಹಾಕಿದರು. ವಸಂತ ಎದ್ದು, "ಕೊಡಿ ಅತ್ತೆ, ಸ್ಕೂಟರಲ್ಲಿ ಕೊಟ್ಟು ಬರ್ತೀನಿ," ಎಂದು ಕೈಚಾಚಿದ. ಅಕ್ಕ ಕೊಡಲಿಲ್ಲ. "ನೀನ್ ಹೋದ್ರೆ ಅವಳು ತಗೊಳಲ್ಲ," ಎಂದರು. ಅವನೆದುರು ಬಾಯಿ ಬಾರದವರು ಅಷ್ಟು ಹೇಳಿ ಚಪ್ಪಲಿ ಮೆಟ್ಟಿದರು.

ಗುಡಿಗೆ ಬಿಟ್ಟರೆ ಒಬ್ಬರೇ ಎಲ್ಲಿಗೂ ಹೋದವರಲ್ಲ ಅವರು. ನಾನು ಹಿಂದೆಯೇ ಹೋದೆ. ರಸ್ತೆ ದಾಟುವಾಗ ಕೈ ಕೊಡಲು ಹೋದೆ, ಬೇಡವೆಂದರು. ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು, ಬಿಸಿ ತಾಗಿದರೂ ಲೆಕ್ಕಿಸದೆ ನಡೆದರು. ನನ್ನ ಕೋಪ ಇನ್ನೂ ಇತ್ತು, ಅವರಿಗೂ ಅದು ಗೊತ್ತಿತ್ತು.

ಬ್ಯಾಂಕಿನ ಬಾಗಿಲಲ್ಲಿ ಸೊಣ್ಣಪ್ಪ ನಮ್ಮನ್ನು ನೋಡಿ ಏನನ್ನೂ ಕೇಳದೆ ಗಾಜಿನ ಬಾಗಿಲು ತೆರೆದು ಹಿಡಿದ. ಊಟದ ಹೊತ್ತು. ತೇಜಶ್ರೀ ಹಿಂದಿನ ಮೇಜಿನಲ್ಲಿ ಒಬ್ಬಳೇ ಕುಳಿತು ಸೌತೆಕಾಯಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ನಾನು ಬಾಗಿಲ ಹತ್ತಿರವೇ ನಿಂತೆ.

ಅಕ್ಕ ಅವಳ ಮುಂದೆ ಹೋಗಿ ಕ್ಯಾರಿಯರಿನ ಕೊಕ್ಕೆ ಬಿಡಿಸಿ, ಮೇಲಿನ ಡಬ್ಬಿ ತೆರೆದು ತೋರಿಸಿದರು. ಎರಡು ಪುಟ್ಟ ಮುದ್ದೆ, ಒಂದಕ್ಕೊಂದು ತಾಗದಂತೆ ನಡುವೆ ಒಂದು ಚೂರು ಬಾಳೆಲೆ. ತೇಜಶ್ರೀ ಅವನ್ನು ನೋಡಿದಳು, ಆಮೇಲೆ ದೊಡ್ಡತ್ತೆಯ ಮುಖವನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತೆಂದು ನನಗೆ ಅಲ್ಲಿಂದಲೇ ಗೊತ್ತಾಯಿತು.

ಅಕ್ಕ ಸೌತೆಕಾಯಿಯ ಡಬ್ಬಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮುದ್ದೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗಿಟ್ಟರು.