ಅರ್ಧ ಕೂದಲೆಳೆಯಷ್ಟು ಅಂಚು

ಒಂದೂರು ಅಂತ ಇತ್ತು. ಯಾವ ಊರು ಎಂದು ಕೇಳುವ ಹಾಗಿಲ್ಲ, ಕೇಳಿದರೆ ಅಜ್ಜಿ ಕತೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಕೇಳುವವರ ಕೆಲಸ ಹೂಂಗುಟ್ಟುವುದಷ್ಟೇ. ಆ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವವನೊಬ್ಬನಿದ್ದ. ಅವನ ಬಳಿ ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನಲವತ್ತೆಂಟು ವೀರರು. ಒಬ್ಬೊಬ್ಬನೂ ಅಂಗೈಯಗಲ. ಅವರಿಗೆ ಹಸಿವಿಲ್ಲ, ನಿದ್ದೆಯಿಲ್ಲ. ಅವರಲ್ಲಿ ಹದಿನೇಳನೆಯವನಂತೂ ಚೆಂಡಿಗೆ ಕೈಚಾಚಿ ಮೇಲಕ್ಕೆ ಹಾರಿದವನು ಇನ್ನೂ ನೆಲಕ್ಕೆ ಇಳಿದೇ ಇರಲಿಲ್ಲ.

ಆ ರಟ್ಟು ಕಟ್ಟುವವನು ನನ್ನ ಅಜ್ಜ. ವೀರರೆಂದರೆ ಫುಟ್‌ಬಾಲ್ ಆಟಗಾರರ ಕಾರ್ಡುಗಳು. ಐವತ್ತೆಂಟು ವರ್ಷದ ಹಿಂದೆ ಚೂಯಿಂಗ್ ಗಮ್ ಪೊಟ್ಟಣಕ್ಕೊಂದರಂತೆ ಬರುತ್ತಿದ್ದವು. ಅಜ್ಜ ಗಮ್ ಜಗಿದು ಜಗಿದು ದವಡೆ ನೋಯಿಸಿಕೊಂಡು ನಲವತ್ತೆಂಟನ್ನೂ ಸೇರಿಸಿದ್ದ. ಹದಿನೇಳನೆಯವನು ಗೋಲ್‌ಕೀಪರ್. ಅವನು ಅರ್ಧದಲ್ಲೇ ತಂಡ ಬಿಟ್ಟಿದ್ದರಿಂದ ಆ ಕಾರ್ಡನ್ನು ಹೆಚ್ಚು ಅಚ್ಚು ಹಾಕಲಿಲ್ಲವಂತೆ. ಈಗ ಅಂಥದ್ದಕ್ಕೆ ಜನ ಮೇಲೆ ಬಿದ್ದು ದುಡ್ಡು ಕೊಡುತ್ತಾರೆ ಎಂದು ನಮಗೆ ಗೊತ್ತಾಗಿದ್ದು ಅಜ್ಜ ಹೋದಮೇಲೆ.

ಗೊತ್ತಾದ ದಿನದಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ಅಜ್ಜ ಬಿಟ್ಟುಹೋದದ್ದು ಎರಡೇ: ಈ ಪೆಟ್ಟಿಗೆ, ಮತ್ತು ಬೀದಿಗೆ ಬಾಗಿಲಿರುವ ಬೈಂಡಿಂಗ್ ಅಂಗಡಿಯ ಒಂದು ಕೋಣೆ. ನನ್ನಮ್ಮ ತನಗೇನೂ ಬೇಡವೆಂದು ಎಂದೋ ಬರೆದುಕೊಟ್ಟಿದ್ದಳು. ಉಳಿದವರು ಮಾವ ಮತ್ತು ಚಿಕ್ಕಮ್ಮ. ಅಂಗಡಿಯಲ್ಲಿ ಅಜ್ಜನ ಹತ್ತಿರ ಕೆಲಸ ಕಲಿತು ಈಗಲೂ ಶಾಲೆಯ ರಿಜಿಸ್ಟರು, ವಕೀಲರ ಕಡತ ಹೊಲಿಯುತ್ತಾ ಕೂರುವವಳು ನಾನು. ಪಕ್ಕದ ಮೊಬೈಲ್ ರಿಪೇರಿಯವನಿಗೆ ಆ ಕೋಣೆಯ ಮೇಲೆ ಕಣ್ಣು. ಅಣ್ಣತಂಗಿ ಜಗಳವಾಡಿ ಜಗಳವಾಡಿ ಕೊನೆಗೆ ಒಂದು ಮಾತಿಗೆ ಬಂದರು: ಕಾರ್ಡುಗಳಿಗೆ ಮೂರು ಲಕ್ಷ ಬಂದರೆ ಅದನ್ನೇ ಇಬ್ಬರೂ ಹಂಚಿಕೊಂಡು ಕೋಣೆಯನ್ನು ನನಗೆ ಬಿಡುವುದು. ಬರದಿದ್ದರೆ ಕೋಣೆ ಮೊಬೈಲಿನವನಿಗೆ.

ಮಾರಿಕೊಂಡು ಬರುವ ಕೆಲಸ ಯಾರದು? ಮಾವನ ಮೇಲೆ ಚಿಕ್ಕಮ್ಮನಿಗೆ ನಂಬಿಕೆಯಿಲ್ಲ, ಚಿಕ್ಕಮ್ಮನ ಮೇಲೆ ಮಾವನಿಗಿಲ್ಲ. ಅಜ್ಜಿ ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ನೀನೇ ಮಾರಿ ಬಾ ಮಗಾ. ನ್ಯಾಯವಾದ ಬೆಲೆಗೆ ಮಾರು. ತಗೊಂಡವರು ಆಮೇಲೆ ನಿಮ್ಮಜ್ಜನ್ನ ಬೈಕೋಬಾರದು. ಅಷ್ಟು ಮಾಡ್ತೀಯಾ?" ಎಂದಳು.

"ಮಾಡ್ತೀನಿ" ಎಂದೆ. ಕತೆಗಳಲ್ಲಿ ಮಾತು ಕೊಡುವುದು ಎಷ್ಟು ಸುಲಭ.

ಕಾರ್ಡಿನ ಅಂಗಡಿ ಎರಡು ಬಸ್ಸು ಬದಲಾಯಿಸಿ ಹೋಗಬೇಕಾದಷ್ಟು ದೂರ. ಕೆಳಗೆ ಶೂ ಮಾರುವ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಗಾಜಿನ ಕಪಾಟುಗಳ ನಡುವೆ ಒಬ್ಬ ದಪ್ಪ ಮನುಷ್ಯ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ನಾನು ಮನಸ್ಸಿನಲ್ಲೇ ಅವರಿಗೆ ಭೂತಗನ್ನಡಿ ಎಂದು ಹೆಸರಿಟ್ಟೆ. ಅವರು ಒಂದೊಂದೇ ಕಾರ್ಡನ್ನು ಎತ್ತಿ, ಮೂಲೆ ನೋಡಿ, ತಿರುಗಿಸಿ, ಬಟ್ಟೆಯ ಮೇಲಿಡುತ್ತಾ ಹೋದರು. ಹದಿನೇಳನೆಯವನು ಬಂದಾಗ ಅವರ ಕೈ ನಿಂತಿತು.

"ಇದೆಲ್ಲಿಟ್ಟಿದ್ರಮ್ಮ ಇಷ್ಟು ವರ್ಷ?"

"ಬಿಸ್ಕತ್ ಡಬ್ಬದಲ್ಲಿ, ಅಂಕಲ್."

"ಬಿಸ್ಕತ್ ಡಬ್ಬದಲ್ಲಿ" ಎಂದು ಅವರು ತಲೆಯಾಡಿಸಿದರು. "ಜನ ಲಾಕರಿನಲ್ಲಿಟ್ರೂ ಮೂಲೆ ಸವೆದಿರುತ್ತೆ. ಇದನ್ನ ನೋಡು, ಈಗ ತಾನೇ ಕತ್ತರಿಸಿದ ಹಾಗಿದೆ."

ನಾನು ಪೆಟ್ಟಿಗೆಯ ಮುಚ್ಚಳವನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಮೂರು ಲಕ್ಷದ ಹತ್ತು ಸಾವಿರ" ಎಂದರು ಅವರು. "ಚೌಕಾಸಿ ಬೇಡ, ನನಗೂ ವಯಸ್ಸಾಯ್ತು. ಇದೊಂದಕ್ಕೆ ಸಹಿ ಹಾಕು, ಆಯ್ತು."

ಅದೊಂದು ಅಚ್ಚಾದ ಚೀಟಿ. ಮೂರು ಸಾಲು. ಅಂಚು ಕತ್ತರಿಸಿಲ್ಲ. ಬಣ್ಣ ಹಚ್ಚಿಲ್ಲ. ಹರಿದದ್ದನ್ನು ಅಂಟಿಸಿಲ್ಲ. ಕೆಳಗೆ ಮಾರುವವರ ಸಹಿಗೆ ಜಾಗ.

"ಕತ್ತರಿಸಿದ್ರೆ ಏನಾಗುತ್ತೆ ಅಂಕಲ್?" ಎಂದು ಕೇಳಿದೆ, ಏನೂ ಗೊತ್ತಿಲ್ಲದವಳ ಹಾಗೆ.

"ಸತ್ತ ಕಾರ್ಡು. ಸವೆದಿರಲಿ, ಕೊಳೆಯಾಗಿರಲಿ, ನಡೆಯುತ್ತೆ. ಕತ್ತಿ ತಾಕಿದ್ರೆ ಮುಗೀತು."

"ಅಳತೆ ಹಿಡಿದ್ರೆ ಗೊತ್ತಾಗಲ್ವಾ?"

"ಆ ಕಾಲದ ಪ್ರೆಸ್ಸಿನವರು ನೆಟ್ಟಗೆ ಕತ್ತರಿಸಿದ್ರೆ ತಾನೇ? ಒಂದು ಕಾರ್ಡಿಗೂ ಇನ್ನೊಂದಕ್ಕೂ ಕೂದಲೆಳೆ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ಕೈ ಚೆನ್ನಾಗಿರೋರು ಮಾಡಿದ್ರೆ ದೇವರಿಗೂ ಗೊತ್ತಾಗಲ್ಲ. ಅದಕ್ಕೇ ಈ ಚೀಟಿ."

ಮನೆಯವರನ್ನು ಕೇಳಿ ಬರುತ್ತೇನೆಂದು ಚೀಟಿ, ಪೆಟ್ಟಿಗೆ ಎರಡನ್ನೂ ಎತ್ತಿಕೊಂಡು ಇಳಿದೆ. ಬಸ್ಸಿನಲ್ಲಿ ಪೆಟ್ಟಿಗೆ ತೊಡೆಯ ಮೇಲೆ ಕಲ್ಲಿನ ಹಾಗೆ ಕೂತಿತ್ತು.

ನನಗೆ ಆಗ ಎಂಟು ವರ್ಷ. ಅಂಗಡಿಯಲ್ಲಿ ಕೆಲಸವಿಲ್ಲದ ಒಂದು ಮಧ್ಯಾಹ್ನ ಅಜ್ಜ ಪೆಟ್ಟಿಗೆ ತೆರೆದು ಕಾರ್ಡುಗಳನ್ನು ಬಹಳ ಹೊತ್ತು ನೋಡಿದ. ಅಂಚುಗಳು ನವೆದು ಎಳೆಯೆಳೆಯಾಗಿದ್ದವು. ಒಂದು ಅಗಲ, ಒಂದು ಕಿರಿದು. "ಕಣ್ಣಿಗೆ ಚುಚ್ಚುತ್ತೆ ಕಣೇ" ಎಂದ. ರಟ್ಟು ಕಟ್ಟುವವನಿಗೆ ಸೊಟ್ಟ ಅಂಚನ್ನು ನೋಡಿಕೊಂಡು ಸುಮ್ಮನಿರುವುದು ಆಗುವುದಿಲ್ಲ, ಈಗ ನನಗೂ ಆಗುವುದಿಲ್ಲ. ಅಜ್ಜ ಒಂದೊಂದನ್ನೂ ಒತ್ತುವ ಪ್ರೆಸ್ಸಿನ ಎರಡು ಹಲಗೆಯ ನಡುವೆ ಇಟ್ಟ. ಚಕ್ರ ತಿರುಗಿಸಿ ಬಿಗಿ ಮಾಡಿದವಳು ನಾನು. ಅವನು ಕತ್ತಿ ಎಳೆದ. ನಾಲ್ಕೂ ಕಡೆ, ಅರ್ಧ ಕೂದಲೆಳೆಯಷ್ಟು. ಕೊನೆಯಲ್ಲಿ ನಲವತ್ತೆಂಟನ್ನೂ ಜೋಡಿಸಿ ಮೇಜಿಗೆ ತಟ್ಟಿದಾಗ ಒಂದೇ ಇಟ್ಟಿಗೆಯ ಹಾಗೆ ನಿಂತವು. ಅಜ್ಜನ ಮುಖ ನೋಡಬೇಕಿತ್ತು.

ಬಸ್ಸಿಳಿದವಳೇ ಅಂಗಡಿಯ ಬೀಗ ತೆಗೆದು ಕೆಳಗಿನ ಡ್ರಾಯರು ಎಳೆದೆ. ಅಜ್ಜ ಕಾಗದದ ಒಂದು ಚೂರನ್ನೂ ಬಿಸಾಡಿದವನಲ್ಲ. ಕಂದು ಲಕೋಟೆಯೊಂದರಲ್ಲಿ ಇದ್ದವು, ನೂಲು ಸುತ್ತಿದ ಪುಟ್ಟ ಪುಟ್ಟ ಕಟ್ಟುಗಳು. ಪ್ರತಿಯೊಂದಕ್ಕೂ ಪೆನ್ಸಿಲಿನಲ್ಲಿ ನಂಬರು ಬರೆದ ಚೀಟಿ. ಹದಿನೇಳರ ಕಟ್ಟು ಬಿಚ್ಚಿದರೆ ನಾಲ್ಕು ಎಳೆ, ಒಂದರ ಮೇಲೆ ಹುಲ್ಲಿನ ಹಸಿರು.

ಭಾನುವಾರ ಬೆಳಿಗ್ಗೆ ಮಾವ, ಚಿಕ್ಕಮ್ಮ ಇಬ್ಬರೂ ಬಂದರು. ಅಜ್ಜಿ ಊಟದ ಮೇಜಿನ ತುದಿಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಕಣ್ಣು ಮಂಜಾದರೂ ಬೆರಳು ಚುರುಕು.

"ಮೂರು ಲಕ್ಷದ ಹತ್ತಾ?" ಚಿಕ್ಕಮ್ಮ ಬ್ಯಾಗಿನಿಂದ ಬೆಲೆಪಟ್ಟಿಯ ದಪ್ಪ ಪುಸ್ತಕ ತೆಗೆದು ಮೇಜಿಗೆ ಹಾಕಿದಳು. "ಇದರಲ್ಲಿ ಐದು ಅಂತಿದೆ. ನೋಡಣ್ಣ, ಕಣ್ಣಿದ್ರೆ ನೋಡು. ಪುಸ್ತಕದಲ್ಲಿ ಬರೆದಿರೋದೇ ನ್ಯಾಯದ ಬೆಲೆ."

"ಪುಸ್ತಕ ಬಂದು ದುಡ್ಡು ಕೊಡುತ್ತೇನೇ? ಕೊಳ್ಳೋನು ಎಷ್ಟು ಕೊಡ್ತಾನೋ ಅದು ಬೆಲೆ. ಮೂರು ಹತ್ತು ಅಂದ್ರೆ ಮೂರು ಹತ್ತು. ಸಹಿ ಹಾಕು ಮಗು, ತಲೆನೋವು ಮುಗೀಲಿ."

"ನಿನಗೆ ಯಾವಾಗಲೂ ಆತುರ. ಅಪ್ಪನ ಸ್ಕೂಟರನ್ನೂ ಹೀಗೇ ಮಾರಿದೆ."

"ಆ ಸ್ಕೂಟರಿಗೆ ಬ್ರೇಕೇ ಇರಲಿಲ್ಲ."

"ನಿನಗಿದ್ಯಾ?"

ನಾನು ಲಕೋಟೆಯನ್ನು ಬೆಲೆಪಟ್ಟಿಯ ಮೇಲಿಟ್ಟೆ. ನಡೆದದ್ದನ್ನು ಹೇಳಿದೆ. ಕತ್ತಿ, ಹಲಗೆ, ಚಕ್ರ ತಿರುಗಿಸಿದ ನನ್ನ ಕೈ, ಚೀಟಿಯ ಮೊದಲ ಸಾಲು.

ಮಾವ ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದ.

"ಅಂಟಿಸೋಕಾಗಲ್ವಾ?" ಎಂದ ಮಾವ. "ನೀನು ಹಳೇ ಪುಸ್ತಕ ಎಲ್ಲ ಅಂಟಿಸ್ತೀಯಲ್ಲ."

"ಅಂಟಿಸಿಲ್ಲ ಅನ್ನೋದು ಮೂರನೇ ಸಾಲು ಮಾವ."

ಚಿಕ್ಕಮ್ಮನಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. "ಇದ್ಯಾವ ಸೀಮೆ ನ್ಯಾಯ? ಉದ್ದವಾದ ಪ್ಯಾಂಟಿಗೆ ಅಂಚು ಹೊಲಿಸಿದ್ರೆ ಪ್ಯಾಂಟು ಸಾಯುತ್ತಾ? ಅಪ್ಪ ಚೆಂದ ಮಾಡಿಟ್ಟ. ಚೆಂದ ಆದದ್ದಕ್ಕೆ ಬೆಲೆ ಇಳಿಯುತ್ತೆ ಅಂದ್ರೆ ಅವರಿಗೆ ತಲೆ ಕೆಟ್ಟಿದೆ. ಹಾಗಿದ್ಮೇಲೆ ಹೇಳದೇ ಇದ್ರೆ ಮೋಸ ಹೇಗಾಗುತ್ತೆ?"

ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು. ಮೂರು ದಿನದಿಂದ ಅದನ್ನೇ ಬಾಯಲ್ಲಿ ಹೊರಳಿಸುತ್ತಾ ದವಡೆ ಸೋತಿತ್ತು.

"ಗೊತ್ತಿರೋದು ನಿನಗೊಬ್ಬಳಿಗೆ" ಎಂದ ಮಾವ, ದನಿ ತಗ್ಗಿಸಿ. "ನಮಗೋಸ್ಕರ ಬೇಡ. ನಿನ್ನ ಅಂಗಡಿಗೋಸ್ಕರ ಅಂದ್ಕೋ. ಸಹಿ ಹಾಕಿದ್ರೆ ಕೋಣೆ ನಿಂದು."

"ಗೊತ್ತು ಮಾವ."

"ಹಾಕದಿದ್ರೆ ನಾವು ಕೆಟ್ಟೋರಲ್ಲ. ಮಾತು ಅಂದ್ರೆ ಮಾತು. ನನಗೂ ಮನೆ ಸಾಲ ಇದೆ."

"ಅದೂ ಗೊತ್ತು."

ನಾನು ಅಜ್ಜಿಯ ಕಡೆ ನೋಡಿದೆ. ಏನಾದರೂ ಹೇಳುತ್ತಾಳೆ, ಒಂದು ಕತೆ ತೆಗೆಯುತ್ತಾಳೆ, ಕತೆಯೊಳಗಿನ ರಾಜಕುಮಾರಿಯೊಬ್ಬಳು ನನ್ನ ಬದಲು ಸಹಿ ಹಾಕುತ್ತಾಳೆ ಎಂದು ಕಾದೆ. ಅಜ್ಜಿ ಸಿಪ್ಪೆಗಳನ್ನು ಒಟ್ಟುಮಾಡಿದಳು. "ನನ್ನೇನು ನೋಡ್ತೀಯ? ಕೇಳಿದ್ದು ನಾನು, ಒಪ್ಪಿದ್ದು ನೀನು. ನನಗೆ ಕೂತು ಕೂತು ಸೊಂಟ ನೋಯ್ತಿದೆ" ಎಂದು ಎದ್ದು ಹೋದಳು.

ವಾರವಿಡೀ ಪೆಟ್ಟಿಗೆ ಅಂಗಡಿಯ ಮೇಜಿನ ಮೇಲಿತ್ತು. ರಿಜಿಸ್ಟರು ಹೊಲಿಯುತ್ತಾ ಆಗಾಗ ಹದಿನೇಳನೆಯವನನ್ನು ತೆಗೆದು ನೋಡುತ್ತಿದ್ದೆ. ಐವತ್ತೆಂಟು ವರ್ಷದಿಂದ ಗಾಳಿಯಲ್ಲೇ ಇದ್ದಾನೆ, ಪಾಪ, ಅವನ ತೋಳೂ ಸೋತಿರಬೇಕು. ಸಹಿ ಹಾಕಿದರೆ ಈ ಕೋಣೆ, ಅಂಟಿನ ವಾಸನೆ, ಕಿಟಕಿಯಿಂದ ಹತ್ತು ಗಂಟೆಗೆ ಬರುವ ಬಿಸಿಲಿನ ಪಟ್ಟಿ, ಎಲ್ಲ ನನ್ನದು. ಒಂದು ದಿನ ಪೆನ್ನಿನ ಮುಚ್ಚಳ ತೆಗೆದೂಬಿಟ್ಟೆ. ಆದರೆ ಲಕೋಟೆ ಕಣ್ಣಿಗೆ ಬಿತ್ತು. ಅಜ್ಜ ಮುಚ್ಚಿಡಬೇಕೆಂದಿದ್ದರೆ ನಂಬರು ಹಾಕಿ ಕಟ್ಟಿಡುತ್ತಿದ್ದನೇ? ಅವನಿಗೆ ತಾನು ಮಾಡಿದ್ದು ತಪ್ಪೆಂದೇ ಗೊತ್ತಿರಲಿಲ್ಲ. ಸಹಿ ಹಾಕಿದರೆ ಅದನ್ನು ಕಳ್ಳಕೆಲಸವಾಗಿ ಮಾಡುವವಳು ನಾನಾಗುತ್ತೇನೆ, ಅದೂ ಅವನ ಹೆಸರಿನಲ್ಲಿ. ಪೆನ್ನು ಮುಚ್ಚಿದೆ.

ಮತ್ತೆ ಎರಡು ಬಸ್ಸು, ಕಡಿದಾದ ಮೆಟ್ಟಿಲು. ಗಾಜಿನ ಮೇಲೆ ಪೆಟ್ಟಿಗೆ ಇಟ್ಟೆ, ಪಕ್ಕದಲ್ಲಿ ಲಕೋಟೆ ಬಿಚ್ಚಿ ಕಟ್ಟುಗಳನ್ನು ಸಾಲಾಗಿ ಜೋಡಿಸಿದೆ.

ಭೂತಗನ್ನಡಿ ಕೂತಲ್ಲೇ ಹಿಂದಕ್ಕೆ ಒರಗಿದರು. "ನೀನು ಬರದೇ ಇದ್ದಿದ್ರೆ ಚೆನ್ನಾಗಿತ್ತು ತಾಯಿ" ಎಂದರು. "ದಿನಾ ರಾತ್ರಿ ಆ ಗೋಲ್‌ಕೀಪರ್‌ನನ್ನೇ ನೆನೆಸಿಕೊಂಡು ಖುಷಿಯಾಗಿದ್ದೆ."

"ಈಗೆಷ್ಟು ಕೊಡ್ತೀರಿ?"

"ಹದಿನೆಂಟು ಸಾವಿರ. ಅದೂ ಚಿತ್ರ ಚೆನ್ನಾಗಿದೆ ಅಂತ."

ಬಾಯಿ ಮುಚ್ಚಿಕೊಂಡು ಒಪ್ಪಿಬಿಡೋಣ ಎನ್ನಿಸುವಷ್ಟು ಸುಸ್ತಾಗಿತ್ತು. ಆದರೆ ನ್ಯಾಯವಾದ ಬೆಲೆ ಎಂದಿದ್ದಳು ಅಜ್ಜಿ, ಕಡಿಮೆ ಬೆಲೆ ಎಂದಿರಲಿಲ್ಲ.

"ನೀವು ಇದನ್ನ ಏನಂತ ಮಾರ್ತೀರಿ ಅಂಕಲ್?"

"ಅಂದ್ರೆ?"

"ಕತ್ತರಿಸಿದ್ದು ಅಂತ ಹೇಳಿ ಮಾರ್ತೀರಾ, ಹೇಳದೆ ಮಾರ್ತೀರಾ? ಹೇಳದೆ ಮಾರೋದಾದ್ರೆ ನನಗೆ ಮೂರು ಲಕ್ಷ ಹತ್ತು ಸಾವಿರವೇ ಕೊಡಿ. ಹೇಳಿ ಮಾರೋದಾದ್ರೆ ನೀವೂ ನನಗೊಂದು ಚೀಟಿ ಬರೆದುಕೊಡಿ."

ಅವರು ಕೊರಳಿನ ಭೂತಗನ್ನಡಿಯನ್ನು ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಮೂವತ್ತು ವರ್ಷದಿಂದ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದೀನಿ. ನನ್ನ ಸಹಿ ಯಾರೂ ಕೇಳಿರಲಿಲ್ಲ" ಎಂದರು. ಬೇಜಾರಾಯಿತೋ ನಗು ಬಂತೋ ಮುಖದಿಂದ ತಿಳಿಯಲಿಲ್ಲ. ಒಂದು ಕಟ್ಟನ್ನು ಬೆರಳ ತುದಿಯಲ್ಲಿ ಎತ್ತಿದರು. "ಕತ್ತರಿಸಿದವರು ಚೂರುಗಳನ್ನ ಸುಟ್ಟುಹಾಕ್ತಾರೆ. ಇವರು ನಂಬರು ಹಾಕಿದ್ದಾರೆ. ಏನು ಮನುಷ್ಯನಪ್ಪ."

"ಬೈಂಡಿಂಗ್ ಮಾಡೋರು."

"ಇದನ್ನೂ ಕೊಡು. ಚೂರುಗಳ ಸಮೇತ ಅಂದ್ರೆ ಒಬ್ಬ ಹುಚ್ಚ ಸಿಕ್ಕರೂ ಸಿಕ್ಕಾನು. ಇಪ್ಪತ್ತಾರು. ಇದಕ್ಕಿಂತ ಮೇಲೆ ಹೋದ್ರೆ ನನ್ನ ಹೆಂಡತಿಗೂ ನಾನು ಚೀಟಿ ಬರೆದುಕೊಡಬೇಕಾಗುತ್ತೆ."

ಚೀಟಿಯ ಮೊದಲ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನಾಲ್ಕೂ ಕಡೆ ಕತ್ತರಿಸಿದ್ದು ನನ್ನ ಅಜ್ಜ, ಹಿಡಿದುಕೊಂಡದ್ದು ನಾನು' ಎಂದು ಬರೆದು ಸಹಿ ಹಾಕಿದೆ. ಅವರು ಇನ್ನೊಂದು ಚೀಟಿಯಲ್ಲಿ, ಹೇಳಿಯೇ ಮಾರುತ್ತೇನೆಂದು ಬರೆದು ಸಹಿ ಹಾಕಿದರು. ಅವರ ಅಕ್ಷರ ತುಂಬಾ ಕೆಟ್ಟದಾಗಿತ್ತು. ಪೆಟ್ಟಿಗೆ ಮುಚ್ಚುವ ಮೊದಲು ಗೋಲ್‌ಕೀಪರ್‌ನನ್ನು ಇನ್ನೊಂದು ಸಲ ನೋಡಬೇಕೆಂದುಕೊಂಡೆ, ನೋಡಲಿಲ್ಲ.

ಸಂಜೆ ಮೇಜಿನ ಮೇಲೆ ನೋಟಿನ ಎರಡು ಕಟ್ಟು ಇಟ್ಟೆ. ಚಿಕ್ಕಮ್ಮ ತನ್ನದನ್ನು ಎಣಿಸದೆ ಬ್ಯಾಗಿಗೆ ತುರುಕಿ, "ಸತ್ಯವಂತೆ ಬಂದ್ಲು. ಇನ್ನು ಸತ್ಯಾನೇ ಹೊಲ್ಕೊಂಡು ಕೂತ್ಕೋ" ಎಂದಳು. ಬಾಗಿಲ ತನಕ ಹೋದವಳು ತಿರುಗಿ ಬಂದು, ಅಜ್ಜನ ಮೂಳೆಯ ಹಿಡಿಕೆಯ ಕತ್ತಿ ಎಲ್ಲಿದೆ, ಅದನ್ನು ಗುಜರಿಗೆ ಹಾಕಬೇಡ ಎಂದಳು. ಮಾವ ಮೊಬೈಲಿನವನಿಗೆ ಫೋನು ಮಾಡಿದ. ತಿಂಗಳ ಕೊನೆಗೆ ಕೋಣೆ ಬಿಡಬೇಕು. ಕಟಿಂಗ್ ಮಷೀನು ಮನೆಯ ಬಾಗಿಲಲ್ಲಿ ಹಿಡಿಸುವುದಿಲ್ಲ, ಹೋಗಬೇಕು. ಹೊಲಿಯುವ ಚೌಕಟ್ಟು, ಸಣ್ಣ ಪ್ರೆಸ್ಸು ಹಜಾರದಲ್ಲಿ ಹಿಡಿಸುತ್ತವೆ, ಅಜ್ಜಿಯ ಮಂಚವನ್ನು ಒಂದು ಮೊಳ ಸರಿಸಿದರೆ. ಸರಿಸಲು ಮಾವನೇ ಒಂದು ಕಡೆ ಹಿಡಿದ.

ಅವರೆಲ್ಲ ಹೋದಮೇಲೆ ನಾನು ಚಪ್ಪಲಿಯನ್ನೂ ಬಿಡದೆ ಅಜ್ಜಿಯ ಮಂಚದ ತುದಿಯಲ್ಲಿ ಕೂತೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಮಾರಿ ಬಂದೆ ಅಜ್ಜಿ."

"ಹೂಂ."

"ಇಪ್ಪತ್ತಾರು ಸಾವಿರಕ್ಕೆ."

"ಹೂಂ."

"ಕತ್ತರಿಸಿದ್ದು ಹೇಳಿದೆ. ಚೂರುಗಳನ್ನೂ ಕೊಟ್ಟೆ. ಆಮೇಲೆ ಬೈಕೊಳ್ಳೋಕೆ ಏನೂ ಉಳಿದಿಲ್ಲ."

ಅಜ್ಜಿ ನನ್ನ ಕಡೆ ಹೊರಳಿ, ಕೈಗೆ ಸಿಕ್ಕ ನನ್ನ ಮೊಣಕಾಲನ್ನು ಹಿಡಿದುಕೊಂಡಳು.

"ಹೂಂ" ಎಂದಳು. "ಹಾಗಾದ್ರೆ ಆಯ್ತು. ಚಪ್ಪಲಿ ಬಿಡು."